ಹಗ್ಗದಲ್ಲಿ ಒಂದು ಜಾಗ

ಮೊನ್ನೆ ಹೊಸಂಗಡಿಯಿಂದ ವರ್ಕಾಡಿಗೆ ಬರುವಾಗ ಒಬ್ಬರು ಗೋಣಿಚೀಲ ಹೊತ್ತುಕೊಂಡು ಬಸ್ಸು ಹತ್ತಿದರು. ಚೀಲದೊಳಗೆ ಮೀನುಗಾರರು ಬಳಸಿ ಬಿಟ್ಟ ಹಳೆಯ ಬಲೆ, ಹಗ್ಗ. ನಮ್ಮ ಕಡೆ ತರಕಾರಿ ಸಾಲಿಗೆ ಹಂದಿ, ನವಿಲು ಬಾರದ ಹಾಗೆ ಅದನ್ನು ಬೇಲಿಗೆ ಕಟ್ಟುವುದುಂಟು. ಸರಿಯಾಗಿ ಒಣಗಿರಲಿಲ್ಲವೆಂದು ಕಾಣುತ್ತದೆ, ಬಸ್ಸಿಡೀ ವಾಸನೆ. ಮುಂದಿನ ಸೀಟಿನ ಹುಡುಗಿಯರು ಮೂಗಿಗೆ ಶಾಲು ಹಿಡಿದರು. ಕಂಡಕ್ಟರ್, "ಎಂತ ಮಾರಾಯ್ರೆ, ಸಮುದ್ರವನ್ನೇ ಕಟ್ಟಿಕೊಂಡು ಬಂದಿದ್ದೀರಾ?" ಎಂದು ಕೇಳಿ ಚೀಲವನ್ನು ಹಿಂದಿನ ಬಾಗಿಲ ಹತ್ತಿರ ಇಡಿಸಿದ. ನಾನು ಎದ್ದು ಹೋಗಿ ಆ ಚೀಲದ ಪಕ್ಕದ ಸೀಟಿನಲ್ಲಿ ಕುಳಿತೆ. ಕಂಡಕ್ಟರ್ ನನ್ನ ಮುಖವನ್ನೊಮ್ಮೆ ನೋಡಿದ. ಉಪ್ಪುನೀರು ಕುಡಿದ ಹಗ್ಗದ ವಾಸನೆ ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಆದರೆ ಒಂದು ವರ್ಷ ಚಳಿಗಾಲದಲ್ಲಿ ನಾನು ಆ ವಾಸನೆಯ ನಡುವೆಯೇ ಮಲಗಿ ಎದ್ದಿದ್ದೆ. ಮನೆಯಲ್ಲಲ್ಲ, ಒಂದು ಹಳೆಯ ಶಾಲಾ ವ್ಯಾನಿನೊಳಗೆ.

ವ್ಯಾನು ಇವರದ್ದು. ಇವರು ಎಂದರೆ ನನ್ನ ಗಂಡ, ಸಂಜೀವ. ಮದುವೆಯಾದ ಮರುವರ್ಷ ಮಸ್ಕತ್ತಿಗೆ ಡ್ರೈವರ್ ಕೆಲಸಕ್ಕೆ ಹೋದವರು ತಲೆ ನರೆತ ಮೇಲೆ ಊರಿಗೆ ಬಂದರು. ನಡುನಡುವೆ ರಜೆಯಲ್ಲಿ ಬರುತ್ತಿದ್ದರು ನಿಜ. ಆಗ ನಾನು ಅವರನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಿದ್ದೆ, ಅವರೂ ನೆಂಟರ ಹಾಗೆ ಬಡಿಸಿದ್ದನ್ನೆಲ್ಲ ಹೊಗಳಿ ತಿನ್ನುತ್ತಿದ್ದರು. ಜಗಳಕ್ಕೆ ಪುರುಸೊತ್ತೇ ಇರಲಿಲ್ಲ. ಮಗಳು ಹುಟ್ಟಿದ್ದು, ಓದಿದ್ದು, ಮದುವೆಯಾಗಿ ಪುತ್ತೂರಿಗೆ ಹೋದದ್ದು ಎಲ್ಲವೂ ಹೆಚ್ಚಾಗಿ ಫೋನಿನಲ್ಲೇ ಅವರಿಗೆ ತಲುಪಿತು. ನಾನು ಬೀಡಿ ಕಟ್ಟಿಕೊಂಡು, ಲೈಬ್ರರಿಯಿಂದ ತಂದ ಪುಸ್ತಕ ಓದಿಕೊಂಡು, ನನ್ನದೇ ಒಂದು ಲೆಕ್ಕದಲ್ಲಿ ಬದುಕಿದ್ದೆ. ಬೇಸರವಿತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬೇಸರಕ್ಕೂ ಮನುಷ್ಯರು ಒಗ್ಗಿಹೋಗುತ್ತಾರೆ.

ಅವರು ಶಾಶ್ವತವಾಗಿ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ನಾನು ಜಗಲಿಯಲ್ಲಿ ಇಟ್ಟ ತಡ್ಪೆ, ಅಂದರೆ ಬೀಡಿ ಕಟ್ಟುವ ಮೊರ, ಸಂಜೆಯಾಗುವಾಗ ಅಟ್ಟದ ಮೇಲೆ ಇರುತ್ತಿತ್ತು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ ಸಕ್ಕರೆಯನ್ನು ನನಗೇ ಸಿಗದ ಹಾಗೆ ಮಾಡಿದರು. ಫೋನು ಬಂದರೆ "ಯಾರದ್ದು?" ಎಂದು ಕೇಳುವುದು, ಗೇಟಿನ ತನಕ ಹೋದರೆ "ಎಲ್ಲಿಗೆ?" ಎಂದು ಕೇಳುವುದು. ಕೇಳುವುದರಲ್ಲಿ ತಪ್ಪಿರಲಿಲ್ಲ, ಉತ್ತರ ಕೊಟ್ಟು ನನಗೆ ಅಭ್ಯಾಸವಿರಲಿಲ್ಲ. ಅವರಿಗೂ ಮನೆಯೊಳಗೆ ಎಲ್ಲಿ ಕುಳಿತರೂ ಯಾರದೋ ಜಾಗದಲ್ಲಿ ಕುಳಿತ ಹಾಗೆ ಆಗುತ್ತಿತ್ತು ಎಂದು ಕಾಣುತ್ತದೆ. ಅಂಗಳದಲ್ಲೇ ಹೆಚ್ಚು ಹೊತ್ತು ನಿಂತಿರುತ್ತಿದ್ದರು.

ಒಮಾನಿನಲ್ಲಿ ಇವರ ಯಜಮಾನರು ಚಳಿಗಾಲದಲ್ಲಿ ಮನೆಮಂದಿಯನ್ನು ಕರೆದುಕೊಂಡು ಕಡಲತೀರಕ್ಕೆ ಹೋಗುವುದಿತ್ತಂತೆ. ಮನೆಯಂಥದ್ದೇ ಒಂದು ಕ್ಯಾರವಾನ್, ಅದನ್ನು ಎಳೆಯುವ ಗಾಡಿ ಓಡಿಸುವುದು ಇವರ ಕೆಲಸ. ಅವರೆಲ್ಲ ಒಳಗೆ ಮಲಗಿದರೆ ಇವರಿಗೆ ಚಕ್ರದ ಪಕ್ಕ ಟಾರ್ಪಾಲಿನ ಕೆಳಗೆ ಜಾಗ. ಅಲ್ಲಿಂದಲೇ ಒಮ್ಮೆ ಫೋನು ಮಾಡಿ, ಇಂಥದ್ದರಲ್ಲಿ ನಿನ್ನನ್ನೂ ಒಂದು ದಿನ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ನಾನು ಹೂಂ ಎಂದು ಮರೆತುಬಿಟ್ಟಿದ್ದೆ. ಅವರು ಮರೆತಿರಲಿಲ್ಲ. ಮಂಜೇಶ್ವರದಿಂದ ಹಳೆಯ ವ್ಯಾನು ತಂದು, ಸೀಟು ಕಳಚಿ, ಆಚಾರಿಯನ್ನು ಕರೆಸಿ ಹಲಗೆಯ ಮಂಚ ಮಾಡಿಸಿದರು. ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ. ಪಕ್ಕದ ಮನೆಯ ಸುಮತಿ ಬಂದು ಒಳಗೆಲ್ಲ ಇಣುಕಿ ನೋಡಿ, "ಅಕ್ಕ, ಇಷ್ಟು ದೊಡ್ಡ ಮನೆ ಉಂಟಲ್ಲ, ನಿಮಗೆ ಎಂತ ಗ್ರಹಚಾರ?" ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಾವಿಲ್ಲದಾಗ ಮನೆಯಲ್ಲಿ ದೀಪ ಹಚ್ಚುವ ಕೆಲಸವನ್ನು ಅವಳಿಗೇ ಒಪ್ಪಿಸಿದೆ.

ಹೊರಡುವ ವಾರ ಮಸ್ಕತ್ತಿನಿಂದ ಕರೆ ಬಂತು. ಯಜಮಾನರ ತಂದೆಗೆ ವಯಸ್ಸಾಗಿದೆ, ಬೇರೆ ಡ್ರೈವರನ ಗಾಡಿ ಹತ್ತಲು ಒಪ್ಪುವುದಿಲ್ಲ, ಸಂಜೀವ ಒಮ್ಮೆ ಬಂದರೆ ಸಾಕು, ವೀಸಾ ಎಲ್ಲ ತಾವೇ ನೋಡಿಕೊಳ್ಳುತ್ತೇವೆ, ವರ್ಷ ಮುಗಿಯುವುದರೊಳಗೆ ತಿಳಿಸಬೇಕು. ಫೋನು ಕೆಳಗಿಟ್ಟು ಇವರು ನನ್ನನ್ನು ಕೇಳಿದರು, "ಎಂತ ಮಾಡುವ?"

"ನಿಮಗೆ ಸರಿ ಕಂಡದ್ದು ಮಾಡಿ," ಎಂದೆ.

ಇದು ನನ್ನ ಮಾಮೂಲಿ ಉತ್ತರ. ಮೊದಲ ಸಲ ವೀಸಾ ಬಂದಾಗಲೂ ಇದನ್ನೇ ಹೇಳಿದ್ದೆ, ಪ್ರತಿ ರಜೆ ಮುಗಿದಾಗಲೂ ಇದನ್ನೇ. ದೂರ ಹೋಗುವವರ ತಲೆಯ ಮೇಲೆ ಇನ್ನೊಂದು ಭಾರ ಹೊರಿಸಬಾರದು ಎಂದು ನಾನೇ ಮಾಡಿಕೊಂಡ ನಿಯಮ. ಆದರೆ ಆ ಸಲ ಅವರು ಹೋಗಬಾರದೆಂದು ನನಗೆ ಖಂಡಿತವಾಗಿ ಅನ್ನಿಸಿತ್ತು. ಡಬ್ಬಿ ಜೋಡಿಸಿಕೊಂಡು, ಪ್ರಶ್ನೆ ಕೇಳಿಕೊಂಡು, ಕಿರಿಕಿರಿ ಮಾಡಿಕೊಂಡಾದರೂ ಇರಲಿ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಅವರೂ "ನೋಡುವ" ಎಂದು ಗಾಡಿಯ ಟೈರಿಗೆ ಗಾಳಿ ಹಾಕಿಸಲು ಹೋದರು.

ದೀಪಾವಳಿ ಕಳೆದು ಹೊರಟೆವು. ತೆಂಕಣಕ್ಕೆ ನೀಲೇಶ್ವರದ ತನಕ ಹೋಗಿ, ಕಡಲ ಬದಿಯ ಊರುಗಳಲ್ಲಿ ನಿಲ್ಲುತ್ತ ನಿಧಾನವಾಗಿ ಹಿಂದೆ ಬರುವುದೆಂದು ಇವರ ಯೋಚನೆ. ಕ್ಯಾರವಾನಿನ ಸುಖ ಕೇಳುವವರಿಗೆ ಚಂದ. ಬೆಳಗ್ಗೆ ಎದ್ದರೆ ಮೊದಲ ಚಿಂತೆ ಕಕ್ಕಸಿನದ್ದು. ಪೆಟ್ರೋಲ್ ಪಂಪು, ರೈಲ್ವೆ ಸ್ಟೇಷನ್, ಪರಿಚಯದವರ ಪರಿಚಯದವರ ಮನೆ, ಹೀಗೆ ಊರೂರಿನ ಭೂಗೋಳವನ್ನು ನಾನು ಆ ಒಂದು ದಾರಿಯಿಂದಲೇ ಕಲಿತೆ. ಕೀಯೂರಿನಲ್ಲಿ ಮರಳಿನ ಮೇಲೆ ಗಾಡಿ ಇಳಿಸಿ ಚಕ್ರ ಹೂತುಹೋಯಿತು. ಮರುಭೂಮಿಯಲ್ಲಿ ಓಡಿಸಿದವರು ಎಂದು ನಾನು ಸುಮ್ಮನೆ ಒಂದು ಮಾತು ಅಂದೆ, ಅವರು ಮಧ್ಯಾಹ್ನದ ತನಕ ಮಾತಾಡಲಿಲ್ಲ. ದೋಣಿ ನೂಕುವ ಜನ ಬಂದು ಗಾಡಿಯನ್ನೂ ದೋಣಿಯ ಹಾಗೆಯೇ ನೂಕಿ ಮೇಲೆ ಹತ್ತಿಸಿಕೊಟ್ಟರು. ಬೇಕಲದ ಆಚೆ ನಮ್ಮ ತುಳು ನಡೆಯುವುದು ಕಮ್ಮಿಯಾಯಿತು. ನಾನು ಬೂತಾಯಿ ಎಂದರೆ ಮೀನು ಮಾರುವವಳು ಮತ್ತಿ ಎನ್ನುತ್ತಿದ್ದಳು, ಬಂಗುಡೆ ಎಂದರೆ ಐಲ ಎನ್ನುತ್ತಿದ್ದಳು. ಕೊನೆಗೆ ಬೆರಳು ತೋರಿಸಿ ತಂದೆ.

ಗಾಡಿಯೊಳಗೆ ಸಿಟ್ಟು ಮಾಡಿಕೊಂಡು ಆಚೆ ಕೋಣೆಗೆ ಹೋಗುವ ಹಾಗಿಲ್ಲ. ಇದ್ದದ್ದು ಒಂದೇ ಮಂಚ, ಒಂದೇ ಬಾಗಿಲು. ಆ ಬಾಗಿಲಿನ ಮೇಲೆಯೇ ನಮ್ಮ ದೊಡ್ಡ ಜಗಳ ನಡೆದದ್ದು. ಇವರಿಗೆ ಬಾಗಿಲು ಕಡಲಿಗೆ ಮುಖ ಮಾಡಬೇಕು, ನನಗೆ ರಸ್ತೆಗೆ. ಕಡಲಿನಲ್ಲಿ ನೋಡಲಿಕ್ಕೆ ಎಂತ ಉಂಟು, ರಸ್ತೆಯಲ್ಲಾದರೆ ನಾಲ್ಕು ಜನ ಹೋಗುವುದು ಕಾಣುತ್ತದೆ ಎಂದು ನನ್ನ ವಾದ. "ಅಲ್ಲಿ ಇಷ್ಟು ವರ್ಷ ರಸ್ತೆಯನ್ನೇ ನೋಡಿದ್ದೇನೆ, ಕಣ್ಣಿಗೆ ಸಾಕಾಗಿದೆ," ಎಂದು ಅವರು. ಒಂದು ದಿನ ಹಾಗೆ, ಒಂದು ದಿನ ಹೀಗೆ ಎಂದು ರಾಜಿಯಾಯಿತು. ಇಷ್ಟು ಸಣ್ಣ ವಿಷಯಕ್ಕೆ ನಾವಿಬ್ಬರೂ ಅಷ್ಟು ಹೊತ್ತು ಎದುರೆದುರು ಕುಳಿತು ಮಾತಾಡಿದ್ದು ಅದೇ ಮೊದಲು. ರಾತ್ರಿ ಅವರು ಗೊರಕೆ ಹೊಡೆಯುವಾಗ ಅದನ್ನು ನೆನೆದು ನನಗೆ ನಗು ಬಂದಿತ್ತು.

ವೃಶ್ಚಿಕ ತಿಂಗಳಲ್ಲಿ ಹಿಂದೆ ಬರುವಾಗ ಕುಂಬಳೆಯ ಹತ್ತಿರದ ಒಂದು ಕಡಪ್ಪುರದಲ್ಲಿ, ಅಂದರೆ ಮೀನುಗಾರರ ಕಡಲತೀರದಲ್ಲಿ, ಒಂದು ರಾತ್ರಿಗೆಂದು ನಿಂತೆವು. ಮೀನು ಒಣಗಿಸುವ ಜಲಜಕ್ಕ ಎಂಬವರು ಗಾಡಿಯ ಸುತ್ತ ಒಮ್ಮೆ ನಡೆದು ನೋಡಿ, "ಬಾವಿ ಉಂಟು, ಬಚ್ಚಲು ಉಂಟು, ಸಂಕೋಚ ಬೇಡ," ಎಂದರು. ಅವರ ತುಳು ನಮ್ಮದೇ ತುಳು. ನನಗೆ ತವರಿಗೆ ಬಂದಷ್ಟು ಸಮಾಧಾನವಾಯಿತು. ಒಂದು ರಾತ್ರಿ ಎಂದು ನಿಂತವರು ಆ ಚಳಿಗಾಲವಿಡೀ ಅಲ್ಲಿಂದ ಹೊರಡಲೇ ಇಲ್ಲ.

ಅಲ್ಲಿ ಇನ್ನೂ ಕೈರಂಪಣಿ ಎಳೆಯುತ್ತಿದ್ದರು. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿ ಕಡಲಿನಲ್ಲಿ ಸುತ್ತು ಹಾಕಿ ಬಲೆ ಇಳಿಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡು ಕಡೆಯೂ ಜನ ಸಾಲಾಗಿ ನಿಂತು ಎಳೆಯಬೇಕು. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರವಾಗುತ್ತವೆ, ನಡುವಿನಲ್ಲಿ ಬಲೆಯ ಚೀಲ ಬರುತ್ತದೆ. ಬೆಳಗ್ಗೆ ಮೂಡಣ ಗಾಳಿಗೆ ಮರಳು ತಣ್ಣಗಿರುತ್ತಿತ್ತು, ಕಡಲು ಮಿಸುಕದೆ ಮಲಗಿರುತ್ತಿತ್ತು. ಮೊದಲ ದಿನ ಇವರು ಸುಮ್ಮನೆ ನೋಡಲು ಹೋದವರು. ತಂಡೇಲ ಕೇಶವಣ್ಣ, ಅಂದರೆ ಆ ಬಲೆಯ ಮುಖ್ಯಸ್ಥರು, "ನೋಡುವುದಾದರೆ ಹಿಡಿದುಕೊಂಡೇ ನೋಡಿ," ಎಂದರಂತೆ. ಇವರು ಹಗ್ಗಕ್ಕೆ ಕೈ ಹಾಕಿದರು.

ಅಲ್ಲಿಯ ಕ್ರಮದಲ್ಲಿ ಹಗ್ಗ ಎಳೆದವರಿಗೆಲ್ಲ ಪಾಲು ಉಂಟು. ಮರಳಿನ ಮೇಲೆ ಸಣ್ಣ ಸಣ್ಣ ರಾಶಿ ಹಾಕಿ ತಂಡೇಲರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಮೊದಲ ದಿನ ಇವರು ಅಂಗೈ ತುಂಬ ಬೊಬ್ಬೆ, ಒಂದು ಹಿಡಿ ಮೀನು ಹಿಡಿದುಕೊಂಡು ಬಂದರು. ನಾನು ಕೈಗೆ ತೆಂಗಿನೆಣ್ಣೆ ಹಚ್ಚಿದೆ. ಮರುದಿನ ಹೋಗಲಾರರು ಎಂದು ಎಣಿಸಿದರೆ, ಬಟ್ಟೆ ಸುತ್ತಿಕೊಂಡು ಹೋದರು. ನಾಲ್ಕು ದಿನ ಕಳೆಯುವಾಗ ಸಾಲಿನಲ್ಲಿ ಅವರಿಗೆ ಒಂದು ಜಾಗ ಆಗಿತ್ತು, ಇಬ್ಬರು ಮುದುಕರ ನಡುವೆ. ಮುಂದಿನವರ ಬೆನ್ನು ನೋಡಿಯೇ ಎಳೆತ ಜೋರಾಗಬೇಕೋ ಸಡಿಲವಾಗಬೇಕೋ ಗೊತ್ತಾಗುತ್ತದೆ ಎಂದು ನನಗೆ ವಿವರಿಸುತ್ತಿದ್ದರು. ಮನೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯ ಇವರೇನಾ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಮೇಲಕ್ಕೆಳೆದಿಟ್ಟ ದೋಣಿಯ ನೆರಳಿನಲ್ಲಿ ನಾನು ಕುಳಿತು ಬೀಡಿ ಕಟ್ಟುತ್ತಿದ್ದೆ. ಜಲಜಕ್ಕ ಬಂದು ಎಲೆ ಕತ್ತರಿಸಿಕೊಡುತ್ತಿದ್ದರು, ಆಕಾರ ಸರಿ ಬರುತ್ತಿರಲಿಲ್ಲ. "ಮೀನಿನ ರೆಕ್ಕೆ ಕತ್ತರಿಸಿದ ಕೈ ಇದು, ನಿನ್ನ ಎಲೆಗೆ ಬಗ್ಗುವುದಿಲ್ಲ," ಎಂದು ನಗುತ್ತಿದ್ದರು. ಮಧ್ಯಾಹ್ನ ಗಂಜಿ, ಹುರಿದ ಮೀನು. ನಾವು ಗಂಡ ಹೆಂಡತಿ ಜೊತೆಯಲ್ಲಿ ಉಂಡು, ಜೊತೆಯಲ್ಲಿ ಪಾತ್ರೆ ತೊಳೆದು, ಮಾತಾಡಲು ಏನೂ ಇಲ್ಲದಿದ್ದರೂ ಒಂದೇ ಬಾಗಿಲಲ್ಲಿ ಕುಳಿತಿರುತ್ತಿದ್ದೆವು. ನನಗೆ ಸುಖವಾಗಿತ್ತು. ಆ ಸುಖಕ್ಕೆ ಹೆದರಿಕೆಯೂ ಇತ್ತು, ಯಾಕೆಂದರೆ ಮಸ್ಕತ್ತಿನ ಫೋನು ಆಗಾಗ ಬರುತ್ತಿತ್ತು. ಅದು ಬಂದಾಗ ಇವರು ಎದ್ದು ನೀರಿನ ಅಂಚಿಗೆ ಹೋಗಿ ಮಾತಾಡುತ್ತಿದ್ದರು. ಬಂದು "ಅಲ್ಲಿಯ ಮುದುಕರಿಗೆ ಸೌಖ್ಯವಿಲ್ಲವಂತೆ," ಎನ್ನುತ್ತಿದ್ದರು. ಆಮೇಲೆ, "ಎಂತ ಮಾಡುವ?" ನಾನು ಅದೇ ಹಳೆಯ ಉತ್ತರ ಕೊಡುತ್ತಿದ್ದೆ.

ಹೀಗಿರುವಾಗ ಧನು ಸಂಕ್ರಮಣ ಬಂತು. ಆ ದಿನ ಬಲೆಗೆ ಬಂಗುಡೆ ಚೆನ್ನಾಗಿ ಬಿದ್ದಿತ್ತು. ಗಿಡುಗಗಳು ತಲೆಯ ಮೇಲೆಯೇ ಸುತ್ತುತ್ತಿದ್ದವು. ರಾಶಿ ಹಾಕಿ ಆಯಿತು, ಹೆಸರು ಕರೆಯುವುದೂ ಶುರುವಾಯಿತು. ಇವರ ಸರದಿ ಬಂದಾಗ, "ನನಗೆ ಬೇಡ ತಂಡೇಲರೆ, ನೀವೆಲ್ಲ ಹಂಚಿಕೊಳ್ಳಿ," ಎಂದರು.

ಅದರ ಕಾರಣ ನನಗೆ ಕೂಡಲೇ ಗೊತ್ತಾಯಿತು. ಸಂಕ್ರಮಣದ ದಿನ ನಮ್ಮಲ್ಲಿ ಮೀನು ಹೊಸ್ತಿಲು ದಾಟುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೆ ಉಂಟು, ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚು ಕಟ್ಟುನಿಟ್ಟು. ಇವರು ಮೊದಲ ಸಲ ಹೋದ ವರ್ಷ ನಾನು ಹಿಡಿದ ವ್ರತ ಅದು. ದೇವರಿಗೆ ಹರಕೆಯೆಂದೇನೂ ಅಲ್ಲ. ಅವರು ಗುರುತಿಲ್ಲದ ಊರಿನಲ್ಲಿ ಗಾಡಿ ಓಡಿಸುವಾಗ ಇಲ್ಲಿ ನಾನೂ ಏನಾದರೂ ಬಿಟ್ಟಿರಬೇಕು ಎಂದು ಅನ್ನಿಸಿತ್ತು. ಆವತ್ತಿನಿಂದ ಸಂಕ್ರಮಣಕ್ಕೆ ಮೀನು ತಿನ್ನುವುದಿರಲಿ, ಮುಟ್ಟಿಯೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಆದರೆ ತಂಡೇಲರು ಮುಂದಿನ ಹೆಸರು ಕರೆಯಲಿಲ್ಲ. ಸಾಲಿನಲ್ಲಿದ್ದವರೆಲ್ಲ ಇವರತ್ತ ತಿರುಗಿದರು. ಕೇಶವಣ್ಣ ಮೆಲ್ಲಗೆ, "ಯಾವಾಗ ಹೊರಡುವುದು ಸಂಜೀವಣ್ಣ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಜಲಜಕ್ಕ ಹೇಳಿದರು, "ಪಾಲು ಬಿಡುವುದೆಂದರೆ ಇಲ್ಲಿ ಅದೇ ಲೆಕ್ಕ. ಗಲ್ಫಿಗೆ ಹೋಗುವವರು ಕೊನೆಯ ದಿನ ಪಾಲು ಮರಳಿನಲ್ಲೇ ಬಿಟ್ಟು ಹೋಗುವುದು. ಬೇರೆಯವರು ಹಂಚಿಕೊಂಡರೆ ಹಗ್ಗದಲ್ಲಿ ಅವರ ಜಾಗ ಹೋಯಿತು. ಮನೆಯವರು ಯಾರಾದರೂ ಎತ್ತಿಕೊಂಡರೆ ಜಾಗ ಉಂಟು."

"ಸಂಕ್ರಮಣಕ್ಕೆ ನೀವೆಲ್ಲ ಎಂತ ಮಾಡುತ್ತೀರಿ ಮತ್ತೆ?"

"ತಿನ್ನುವುದಿಲ್ಲ. ಪಾಲು ಯಾಕೆ ಬಿಡುವುದು? ಐಸಿನಲ್ಲಿ ಇಟ್ಟರಾಯಿತು."

ಗದ್ದೆ ತೋಟದ ಕಡೆಯಿಂದ ಹೋದ ನಮಗೆ ಇದೆಲ್ಲ ಎಲ್ಲಿ ಗೊತ್ತು? ಇವತ್ತು ಸಂಕ್ರಮಣ ಅಲ್ಲವಾ ಎಂದು ಇವರು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ನಾನು ಆ ಮಾತಿಗಾಗಿ ಕಾದೆ. ಇವರು ಹೇಳಲಿಲ್ಲ. ತಲೆ ಬಗ್ಗಿಸಿ ಅಂಗೈಗೆ ಅಂಟಿದ ಮರಳನ್ನು ಉಜ್ಜುತ್ತ ನಿಂತರು. ಆಗ ಈ ಜನ ತಪ್ಪು ತಿಳಿದದ್ದಲ್ಲ, ಸರಿಯಾಗಿಯೇ ತಿಳಿದಿದ್ದಾರೆ ಎಂದು ಅನ್ನಿಸಿತು.

ಕೇಶವಣ್ಣ ನನ್ನ ಕಡೆಗೆ ತಿರುಗಿದರು. "ತಂಗಿ, ಮನೆಯವರು ಹೇಳಬೇಕು. ಈ ಪಾಲು ಬಿಡುವುದಾ?"

ಅವರಿಗೆ ಸರಿ ಕಂಡದ್ದು ಮಾಡಲಿ ಎಂಬ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂದಿತ್ತು. ಎಷ್ಟು ವರ್ಷದ ಅಭ್ಯಾಸ. ಅದನ್ನು ನುಂಗಿಕೊಂಡೆ. ಎದ್ದೆ. ಮಡಿಲಿನಲ್ಲಿದ್ದ ಬೀಡಿ ಎಲೆ ಎಲ್ಲ ಮರಳಿಗೆ ಬಿತ್ತು. ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ನೆಲಕ್ಕೆ ಹಾಸಿ, ಮೊಣಕಾಲೂರಿ ಕುಳಿತು, ಆ ರಾಶಿಯ ಬಂಗುಡೆಗಳನ್ನು ಒಂದೊಂದಾಗಿ ಅದರೊಳಗೆ ತುಂಬಿಸಿದೆ. ಇನ್ನೂ ಮಿಡುಕುತ್ತಿದ್ದವು. ಒಂದನ್ನೂ ಬಿಡದೆ ಎತ್ತಿಕೊಂಡು ಗಂಟು ಕಟ್ಟಿದೆ.

"ಆಯಿತು," ಎಂದರು ಕೇಶವಣ್ಣ. ಮುಂದಿನ ಹೆಸರು ಕರೆದರು.

ಗಾಡಿಯ ತನಕ ಇವರು ನನ್ನ ಹಿಂದೆಯೇ ಬಂದರು. ನಾನು ಬಾಗಿಲ ಮೆಟ್ಟಿಲಲ್ಲಿ ಕುಳಿತು ಕತ್ತಿ ತೆಗೆದುಕೊಂಡೆ. ಹೇಗೂ ಮುಟ್ಟಿಯಾಗಿತ್ತು, ಶುಚಿ ಮಾಡಿ ಜಲಜಕ್ಕನ ಐಸಿನ ಪೆಟ್ಟಿಗೆಯಲ್ಲಿ ಇಟ್ಟರೆ ತಿನ್ನುವುದು ನಾಳೆ.

"ಇವತ್ತು ಸಂಕ್ರಮಣ," ಎಂದರು.

"ಗೊತ್ತುಂಟು."

"ನೀನು ಮುಟ್ಟುವವಳಲ್ಲ."

"ನೀವು ಪಾಲು ಬಿಟ್ಟದ್ದು ಸಂಕ್ರಮಣಕ್ಕಾ, ಮಸ್ಕತ್ತಿಗಾ?"

ಅವರು ಎದುರಿಗೆ ಮರಳಿನಲ್ಲೇ ಕುಳಿತರು. "ಬೇಡ ಅಂತ ಹೇಳುವಾಗ ಸಂಕ್ರಮಣಕ್ಕೇ. ತಂಡೇಲರು ಕೇಳಿದ ಮೇಲೆ ನನಗೇ ಗೊತ್ತಾಗಲಿಲ್ಲ. ಇಷ್ಟು ಸಲ ಹೋದೆನಲ್ಲ, ಒಂದು ಸಲವಾದರೂ ನೀನು ಹೋಗಬೇಡಿ ಅಂತ ಹೇಳಲಿಲ್ಲ. ನಾನಿಲ್ಲದಿದ್ದರೇ ಇವಳಿಗೆ ಸಲೀಸು ಅಂತ ಗ್ರಹಿಸಿದೆ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ದುಃಖವಾಯಿತು. ನಾನು ಭಾರ ಹೊರಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅವರು ಅದನ್ನು ಹೀಗೆ ಓದಿಕೊಂಡಿದ್ದರು. "ಹೇಳಿದ್ದರೆ ನಿಲ್ಲುತ್ತಿದ್ದಿರಾ?" ಎಂದು ಕೇಳಿದೆ.

ಅವರು ಯೋಚಿಸಿದರು. ಸುಳ್ಳು ಹೇಳುವ ಜನ ಅಲ್ಲ. "ಇಲ್ಲ. ಆಗ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ."

"ಈಗ ಹೇಳು."

ಮದುವೆಯಾಗಿ ಮಗಳಾಗಿ ಅಜ್ಜಿಯಾಗುವ ವಯಸ್ಸಿಗೆ ಬಂದವಳಿಗೆ ಆ ಮಾತಿಗೆ ನಾಚಿಕೆಯಾಯಿತು. ಕೈ ತುಂಬ ಮೀನಿನ ಹುರುಪೆ. ಆಚೆ ಬಲೆ ಝಾಡಿಸುತ್ತಿದ್ದ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು ಎಂದು ಬೇರೆ ಅನ್ನಿಸಿತು. ಆದರೂ ಮುಖ ಎತ್ತಿ, "ಹೋಗಬೇಡಿ," ಎಂದೆ.

ಅವರು ಜೇಬಿನಿಂದ ಫೋನು ತೆಗೆದುಕೊಂಡು ಎದ್ದು ನೀರಿನ ಅಂಚಿಗೆ ಹೋದರು. ಬೆನ್ನು ಮಾತ್ರ ಕಾಣುತ್ತಿತ್ತು, ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ. ತುಂಬ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಸುಮ್ಮನೆ ನಿಂತು ಆಚೆಯವರು ಹೇಳುವುದನ್ನೇ ಕೇಳಿದರು, ಆಗ ನಾನು ಮೀನು ಶುಚಿ ಮಾಡುವುದನ್ನು ನಿಲ್ಲಿಸಿದ್ದೆ. ಅಲ್ಲಿಯೂ ಒಬ್ಬರು ಮುದುಕರು ಇವರಿಗಾಗಿ ಕಾಯುತ್ತಿದ್ದಾರೆ ಎಂದು ನೆನಪಾಗಿ, ನಾನು ಕೇಳಿದ್ದು ಹೆಚ್ಚಾಯಿತೇನೋ ಎಂದೂ ಅನ್ನಿಸಿತು. ಆದರೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸು ಬರಲಿಲ್ಲ.

ಹಿಂದೆ ಬಂದವರು ನನ್ನ ಪಕ್ಕದಲ್ಲಿ, ಅದೇ ಮೆಟ್ಟಿಲಲ್ಲಿ, ಒತ್ತಿಕೊಂಡು ಕುಳಿತರು. ಕಣ್ಣು ಕೆಂಪಾಗಿತ್ತು.

"ನಾಳೆ ಬೇಗ ಎಬ್ಬಿಸು," ಎಂದರು. "ಹಗ್ಗಕ್ಕೆ ಹೋಗಲಿಕ್ಕುಂಟು."

ಹೂಂ ಎಂದೆ. ಕೈಯಲ್ಲಿದ್ದ ಬಂಗುಡೆಯ ಕಿವಿರು ತೆಗೆಯಲು ಬಹಳ ಹೊತ್ತು ಹಿಡಿಯಿತು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.